ಹಾಸು, ಎಳೆ, ಅಂಚು

ನನ್ನ ಲ್ಯಾಪ್‌ಟಾಪಿನಲ್ಲಿ ‘ರೇಖೆ 7’ ಎಂಬ ಹೆಸರಿನ ಒಂದು ಫೋಟೊ ಇದೆ. ಕಪ್ಪು ಬಿಳುಪಿನದು. ಕೆಳಗಿನ ಎಡಮೂಲೆಯಿಂದ ಹೊರಟ ನೂರಾರು ಗೆರೆಗಳು ಓರೆಯಾಗಿ ಮೇಲಕ್ಕೆ ಹೋಗಿ, ದೂರವಾದಂತೆಲ್ಲ ಒತ್ತೊತ್ತಾಗಿ, ಕೊನೆಗೆ ಒಂದು ಬೂದು ಪಟ್ಟಿಯಾಗಿಬಿಡುತ್ತವೆ. ಕೆಲವು ಗೆರೆಗಳ ಮೇಲೆ ಬೆಳಕಿನ ಹನಿಗಳು ಸಾಲಾಗಿ ಕೂತಿವೆ. ನೆಲದ ಮೇಲೆ ಅವೇ ಗೆರೆಗಳ ನೆರಳಿದೆ, ಆದರೆ ಯಾವುದು ಗೆರೆ, ಯಾವುದು ನೆರಳು ಎಂದು ಥಟ್ಟನೆ ಹೇಳಲಾಗುವುದಿಲ್ಲ. ನೋಡಿದವರು ಮಳೆಯಾ ಅಂದಿದ್ದಾರೆ, ವೀಣೆಯ ತಂತಿಯಾ ಅಂದಿದ್ದಾರೆ. ಒಬ್ಬ ಗೆಳೆಯ ಕರೆಂಟ್ ಲೈನಾ ಅಂತ ಕೇಳಿದ್ದ. ಎಂ.ಎ. ಓದುವಾಗ ವಿದ್ಯಾರ್ಥಿಗಳ ಒಂದು ಛಾಯಾಚಿತ್ರ ಸ್ಪರ್ಧೆಗೆ ಅದನ್ನು ಕಳಿಸಿದ್ದೆ, ಮೂರನೇ ಬಹುಮಾನ ಬಂತು. ಅದು ಏನೆಂದು ಯಾರಿಗೂ ಗೊತ್ತಾಗದೇ ಇದ್ದದ್ದಕ್ಕೇ ಬಹುಮಾನ ಬಂದಿದೆಯೆಂದು ಆಗ ನನಗೆ ಹೆಮ್ಮೆ.

ಅದು ಕಂಬಳಿಯ ಹಾಸು. 2019ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ತುರುವನೂರಿನ ನಮ್ಮ ಮನೆ ಮುಂದಿನ ಬೀದಿಯಲ್ಲಿ ಎರಡು ಗೂಟಗಳ ನಡುವೆ ಎಳೆದು ಕಟ್ಟಿದ್ದು.

ತುರುವನೂರು ಚಿತ್ರದುರ್ಗದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಇತಿಹಾಸ ಓದಿದವರಿಗೆ 1939ರ ಸತ್ಯಾಗ್ರಹದ ಕಾರಣಕ್ಕೆ ಆ ಹೆಸರು ಗೊತ್ತಿರುತ್ತದೆ. ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದು ಕಾನೂನು ಮುರಿದ ಊರು ನಮ್ಮದು. ಸೆಮಿನಾರುಗಳಲ್ಲಿ ಊರಿನ ಹೆಸರು ಹೇಳಿದ ಕೂಡಲೇ ಯಾರಾದರೂ ಹಿರಿಯರು ‘ಓ, ಈಚಲು ಮರದ ತುರುವನೂರು’ ಅನ್ನುತ್ತಾರೆ. ನನಗೆ ಮಾತ್ರ ಅದು ತುಪ್ಪಟದ ವಾಸನೆಯ ಊರು. ಮಳೆ ಬಿದ್ದ ದಿನ ಒದ್ದೆ ಉಣ್ಣೆಯ ವಾಸನೆ, ಬಿಸಿಲಿನ ದಿನ ಹುಣಸೆಬೀಜದ ಗಂಜಿ ಕುದಿಯುವ ವಾಸನೆ.

ಉಣ್ಣೆಯ ನೂಲು ಹತ್ತಿಯ ನೂಲಿನಂತಲ್ಲ. ಮೈತುಂಬ ಕೂದಲು ಕೆದರಿಕೊಂಡಿರುತ್ತದೆ. ಹಾಗೇ ಮಗ್ಗಕ್ಕೆ ಹಾಕಿದರೆ ಒಂದು ಎಳೆ ಇನ್ನೊಂದಕ್ಕೆ ತೆಕ್ಕೆ ಬಿದ್ದು ಕಿತ್ತುಹೋಗುತ್ತದೆ. ಅದಕ್ಕೆ ಹುಣಸೆಬೀಜ ನೆನೆಸಿ, ಅರೆದು, ಅಂಟು ಬರುವವರೆಗೂ ಕುದಿಸಿ, ಆ ಗಂಜಿಯನ್ನು ಹಾಸಿನ ಉದ್ದಕ್ಕೂ ಕುಂಚದಿಂದ ತೀಡುತ್ತಾರೆ. ಬಿಸಿಲಿಗೆ ಒಣಗಿದಾಗ ಎಳೆ ಬಿರುಸಾಗಿ, ನುಣುಪಾಗಿ, ಬೇರೆಬೇರೆಯಾಗಿ ನಿಲ್ಲುತ್ತದೆ. ಆಮೇಲೆ ಅಜ್ಜ ಅದನ್ನು ಒಳಗೆ ಒಯ್ದು ಗುಂಡಿ ಮಗ್ಗಕ್ಕೆ ಏರಿಸುತ್ತಿದ್ದ. ನೇಯುವುದು ಅಜ್ಜನ ಕೆಲಸ, ಗಂಜಿ ತೀಡುವುದು ಅಜ್ಜಿಯ ಕೆಲಸ. ತೀಡುತ್ತಾ ಹೋಗುವಾಗ ಕಿತ್ತ ಎಳೆ ಕಂಡರೆ ಅಲ್ಲೇ ಜೋಡಿಸುವುದೂ ಅವಳದೇ.

ಆ ಬೆಳಿಗ್ಗೆ ಬಿಸಿಲು ಇನ್ನೂ ಓರೆಯಾಗಿತ್ತು. ಗಂಜಿ ಹಸಿಯಾಗಿತ್ತು. ನಾನು ಮಣ್ಣಿನಲ್ಲಿ ಮಂಡಿಯೂರಿ, ಫೋನನ್ನು ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಸ್ವಲ್ಪ ವಾಲಿಸಿ ಫೋಟೊ ತೆಗೆದೆ. ಬಲಗಡೆಯ ಅಂಚಿನಲ್ಲಿ ಅಜ್ಜಿಯ ಕೈ ಬಂದಿತ್ತು. ಮುಂಗೈವರೆಗೆ ಗಂಜಿ ಮೆತ್ತಿಕೊಂಡ ಕೈ, ಅದರಲ್ಲಿ ಕುಂಚ, ಎರಡು ಹಸಿರು ಬಳೆ, ಸೀರೆಯ ಸೆರಗಿನ ಒಂದು ತುಂಡು. ಸಂಜೆ ಹಾಸ್ಟೆಲಿಗೆ ಬಂದವನೇ ಬಣ್ಣ ತೆಗೆದೆ, ಬಲಗಡೆಯ ಕಾಲುಭಾಗ ಕತ್ತರಿಸಿದೆ, ಸೇವ್ ಒತ್ತಿದೆ. ಚಿತ್ರ ಈಗ ‘ಶುದ್ಧ’ವಾಯಿತು.

ಯಾಕೆ ಕತ್ತರಿಸಿದೆ ಎಂದರೆ ಉತ್ತರ ಸರಳ. ಅದಕ್ಕೆ ಎರಡು ತಿಂಗಳ ಹಿಂದೆ ನಾನು ನಸ್ರೀನ್ ಮೊಹಮದಿಯ ಫೋಟೊಗಳನ್ನು ನೋಡಿದ್ದೆ.

ನಸ್ರೀನ್ ಹುಟ್ಟಿದ್ದು 1937ರಲ್ಲಿ ಕರಾಚಿಯಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಐವತ್ತರ ದಶಕದಲ್ಲಿ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ಓದಿದವರು. ಬಹ್ರೇನಿನಲ್ಲಿ ಅವರ ತಂದೆಗೆ ಕ್ಯಾಮೆರಾ ಸಾಮಾನಿನ ಅಂಗಡಿಯಿತ್ತು, ಹಾಗಾಗಿ ಕ್ಯಾಮೆರಾ ಮನೆಯ ವಸ್ತುವೇ ಆಗಿತ್ತು. 1972ರಿಂದ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪಾಠ ಮಾಡಿದರು, 1990ರಲ್ಲಿ ತೀರಿಕೊಂಡರು. ಜನರಿಗೆ ಅವರು ಗೊತ್ತಿರುವುದು ರೇಖಾಚಿತ್ರಗಳಿಂದ. ಇಂಜಿನಿಯರುಗಳು ಬಳಸುವ ಪೆನ್ನು, ಅಳತೆಪಟ್ಟಿ ಹಿಡಿದು ಕಾಗದದ ಮೇಲೆ ಎಳೆದ ಕೂದಲೆಳೆಯಂಥ ಗೆರೆಗಳು. ಕೈಯ ಹಿಡಿತವನ್ನೇ ಕಸಿಯುವ ನರದ ಕಾಯಿಲೆಯೊಂದಿಗೆ ಕೊನೆಯ ವರ್ಷಗಳಲ್ಲಿ ಅಂಥ ಗೆರೆ ಎಳೆದರು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ನನ್ನನ್ನು ಹಿಡಿದದ್ದು ಅವರ ಫೋಟೊಗಳು. ಬದುಕಿರುವಾಗ ಅವರು ಅವನ್ನು ಪ್ರದರ್ಶನಕ್ಕೆ ಇಡಲೇ ಇಲ್ಲ. ಫತೇಪುರ ಸಿಕ್ರಿಯ ಕಲ್ಲುಹಾಸಿನ ಅಂಗಳ, ಕಡಲು ಹಿಂದೆ ಸರಿದ ಮೇಲೆ ಮರಳಲ್ಲಿ ಉಳಿದ ಗೆರೆಗಳು, ರಸ್ತೆಗೆ ಬಳಿದ ಬಿಳಿ ಪಟ್ಟಿ, ಕಟ್ಟಡದ ಅಂಚು, ಮತ್ತೆ ಮಗ್ಗದ ಎಳೆಗಳು.

ಮಗ್ಗದ ಎಳೆಯ ಫೋಟೊ ನೋಡಿದ ದಿನ ನಾನು ಗ್ರಂಥಾಲಯದಲ್ಲಿ ಒಬ್ಬನೇ ನಕ್ಕಿದ್ದೆ. ಪ್ರಪಂಚದ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಇಡುವಂಥ ಚಿತ್ರ ನಮ್ಮ ಬೀದಿಯಲ್ಲಿ ದಿನಾ ಒಣಗುತ್ತಿತ್ತಲ್ಲ ಅನ್ನಿಸಿತು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೊಯರ್ ಬಾಗಿಲು ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ನಸ್ರೀನ್ ಅವರದೂ ಒಂದು. ನಮ್ಮಂಥ ಮನೆಯಿಂದ ಬಂದವರಿಗೆ ಇಂಥ ಸುದ್ದಿ ಏನು ಮಾಡುತ್ತದೆ ಎಂದು ವಿವರಿಸುವುದು ಕಷ್ಟ. ಇಷ್ಟು ದಿನ ನಾಚಿಕೆಪಟ್ಟುಕೊಂಡಿದ್ದ ವಸ್ತುವಿಗೆ ಯಾರೋ ಪದವಿ ಕೊಟ್ಟ ಹಾಗೆ. ಆದರೆ ಪದವಿ ಬೇಕಾದರೆ ಅದು ಕಂಬಳಿಯಾಗಿ ಇರಬಾರದು, ಗೆರೆಯಾಗಬೇಕು. ಹೀಗೆ ಯಾರೂ ನನಗೆ ಹೇಳಿರಲಿಲ್ಲ. ನಾನೇ ಅರ್ಥ ಮಾಡಿಕೊಂಡೆ, ತಪ್ಪಾಗಿ.

ಅಜ್ಜಿಗೆ ಬಹುಮಾನದ ಸುದ್ದಿ ಹೇಳಿ ಫೋನಿನಲ್ಲಿ ಫೋಟೊ ತೋರಿಸಿದೆ. ಅವಳು ಫೋನನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದಳು.

‘ಹಾಸು ನಮ್ದೇ ಅಲ್ಲೇನಪ್ಪಾ ಇದು?’

‘ಹೂಂ ಅಜ್ಜಿ.’

‘ನಾನೂ ಇದ್ನಲ್ಲ ಅಲ್ಲಿ. ಎಲ್ಲಿ?’

ನಾನು ನಕ್ಕು, ‘ನೀನು ಬಂದ್ರೆ ಫೋಟೊ ಕೆಡ್ತೈತೆ ಅಜ್ಜಿ’ ಅಂದೆ. ಅವಳೂ ನಕ್ಕಳು. ‘ಆಗ್ಲಿ ಬಿಡು, ದುಡ್ಡು ಬಂತಲ್ಲ’ ಅಂದಳು. ಇಷ್ಟೇ ಆದದ್ದು. ಇದರಲ್ಲಿ ಜಗಳವಿಲ್ಲ, ಕಣ್ಣೀರಿಲ್ಲ. 2021ರ ಜನವರಿಯಲ್ಲಿ ಅವಳು ತೀರಿಕೊಂಡಳು. ಗೋಡೆಗೆ ಹಾಕಲು ಒಂದು ಫೋಟೊ ಬೇಕೆಂದು ಮನೆಯವರು ಕೇಳಿದಾಗ ಆಧಾರ್ ಕಾರ್ಡಿನದು ಬಿಟ್ಟರೆ ನೆಟ್ಟಗಿನದು ಒಂದೂ ಸಿಗಲಿಲ್ಲ. ನನ್ನ ಫೋನು, ಹಳೆಯ ಪೆನ್‌ಡ್ರೈವು, ಮೇಲ್ ಎಲ್ಲ ಜಾಲಾಡಿದೆ. ಅವತ್ತಿನ ಮೂಲ ಫೋಟೊ ಇರಲಿಲ್ಲ. ಕತ್ತರಿಸಿದ್ದರ ಮೇಲೇ ಸೇವ್ ಒತ್ತಿದ್ದೆ. ಬೀದಿಯ, ನೆರಳಿನ, ಬೇಲಿಯ, ಗಾಳಿಯಂತ್ರದ ರೆಕ್ಕೆಯ ಫೋಟೊ ಇನ್ನೂರಕ್ಕೂ ಹೆಚ್ಚು ಸಿಕ್ಕವು. ಮನುಷ್ಯರು ಬಹಳ ಕಡಿಮೆ.

ಪಿಎಚ್.ಡಿ.ಗೆ ಸೇರಿದ ಮೇಲೆ ಅಮೂರ್ತ ಛಾಯಾಚಿತ್ರದ ಬಗ್ಗೆಯೇ ಕೆಲಸ ಮಾಡುತ್ತೇನೆಂದು ಹಟ ಹಿಡಿದೆ. ಮಾರ್ಗದರ್ಶಕರು ಒಪ್ಪಿದರು, ಆದರೆ ‘ನಸ್ರೀನ್ ಒಬ್ಬರನ್ನೇ ಓದಿದರೆ ನೀನು ಭಕ್ತನಾಗುತ್ತೀಯ, ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟುಕೋ’ ಎಂದರು. ಯಾರನ್ನು ಎಂದು ಕೇಳಿದ್ದಕ್ಕೆ ‘ಅದೇ ವಿಭಾಗದಲ್ಲಿ, ಅದೇ ಕಾಲದಲ್ಲಿ ಇದ್ದವರು. ಜ್ಯೋತಿ ಭಟ್’ ಎಂದರು. ಹೆಸರು ಕೇಳಿ ಹೆಂಗಸು ಅಂದುಕೊಂಡೆ. ಅಲ್ಲ. 1934ರಲ್ಲಿ ಗುಜರಾತಿನ ಭಾವನಗರದಲ್ಲಿ ಹುಟ್ಟಿದ ಚಿತ್ರಕಾರ, ಮುದ್ರಣ ಕಲಾವಿದ. ಬರೋಡಾದಲ್ಲೇ ಕಲಿತು, ಆಮೇಲೆ ಇಟಲಿಯ ನೇಪಲ್ಸಿನಲ್ಲಿ, ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿ ಓದಿ, ಮತ್ತೆ ಬರೋಡಾಕ್ಕೇ ಬಂದು ಮೇಷ್ಟರಾದವರು. 1967ರಲ್ಲಿ ಒಂದು ವಿಚಾರಸಂಕಿರಣಕ್ಕೆಂದು ಗುಜರಾತಿನ ಜನಪದ ಕಲೆಯ ಫೋಟೊ ತೆಗೆಯಲು ಹೋದವರು ಅದರಿಂದ ಹೊರಗೆ ಬರಲೇ ಇಲ್ಲ. ದಶಕಗಳ ಕಾಲ ಹಳ್ಳಿಗಳನ್ನು ಸುತ್ತಿ ಗೋಡೆಯ ಚಿತ್ತಾರ, ನೆಲದ ರಂಗೋಲಿ, ಹಚ್ಚೆ, ಬಾಗಿಲ ತೋರಣ ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದರು. 2019ರಲ್ಲಿ ಪದ್ಮಶ್ರೀ ಬಂತು.

ನಿಜ ಹೇಳಬೇಕೆಂದರೆ ನನಗೆ ಮೊದಲಿಗೆ ಬೇಜಾರಾಯಿತು. ಒಬ್ಬರು ಕಲಾವಿದೆ, ಇನ್ನೊಬ್ಬರು ದಾಖಲೆ ಮಾಡುವವರು, ಹೋಲಿಸುವುದೇನಿದೆ ಎಂಬ ಉಡಾಫೆ. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೊಗ್ರಫಿ ಶುರುವಾದಾಗ ಜ್ಯೋತಿ ಭಟ್ ಅವರ ಫೋಟೊಗಳ ಪ್ರದರ್ಶನವೂ ಇತ್ತು. ಚಿತ್ರದುರ್ಗದಿಂದ ಬೆಳಗಿನ ಬಸ್ಸು ಹತ್ತಿ ಹೋದೆ, ಅಧ್ಯಾಯಕ್ಕೆ ನಾಲ್ಕು ಸಾಲು ಸಿಕ್ಕರೆ ಸಾಕು ಎಂದುಕೊಂಡು. ಮಧ್ಯಾಹ್ನದ ಊಟ ಮರೆತು ಸಂಜೆಯವರೆಗೂ ಅಲ್ಲೇ ಇದ್ದೆ.

ಮಣ್ಣಿನ ಗೋಡೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಚಿತ್ತಾರ. ಸಾಗರದ ಕಡೆಯ ಹಸೆ ಚಿತ್ತಾರ ನೋಡಿದವರಿಗೆ ಇದು ಹೊಸದಲ್ಲ. ಆದರೆ ಗೋಡೆಯ ಪಕ್ಕದಲ್ಲಿ, ಕೆಲವೊಮ್ಮೆ ಗೋಡೆಗೆ ಒರಗಿಯೇ, ಬರೆದ ಹೆಂಗಸು ನಿಂತಿರುತ್ತಾಳೆ. ಅವಳ ಲಂಗದ ಅಚ್ಚು, ಕೈಯ ಹಚ್ಚೆ, ಗೋಡೆಯ ಚಿತ್ತಾರ ಮೂರೂ ಒಂದೇ ಕುಲದವು. ಕಣ್ಣು ಗೋಡೆಯಿಂದ ಲಂಗಕ್ಕೆ, ಲಂಗದಿಂದ ಮುಂಗೈಗೆ ಜಾರುತ್ತದೆ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಮನುಷ್ಯಳು ಶುರುವಾದಳು ಎಂಬುದು ಅರೆಕ್ಷಣ ಮಸುಕಾಗುತ್ತದೆ. ನಸ್ರೀನ್ ಅವರ ಫೋಟೊದಲ್ಲಿ ಗೆರೆಗೂ ನೆರಳಿಗೂ ಆಗುವುದು ಇಲ್ಲಿ ಚಿತ್ತಾರಕ್ಕೂ ಮೈಗೂ ಆಗುತ್ತಿತ್ತು. ದಾಖಲೆ ಎಂದು ನಾನು ತಳ್ಳಿಹಾಕಿದ್ದು ಇದನ್ನಾ?

ಇಬ್ಬರ ಬೇರೆತನ ಎಲ್ಲಿದೆ ಎಂದು ಹುಡುಕಲು ನಾನು ಕೊನೆಗೆ ಕ್ಯಾಮೆರಾವನ್ನೇ ಹಿಡಿಯಬೇಕಾಯಿತು. ಪುಸ್ತಕದಲ್ಲಿ ‘ಧ್ಯಾನ’, ‘ಶೂನ್ಯ’, ‘ಲಯ’ ಎಂಬ ಮಾತುಗಳು ಬೇಕಾದಷ್ಟಿವೆ. ಅವುಗಳ ಮೇಲೆ ನನಗೆ ಈಗ ಸ್ವಲ್ಪ ಅನುಮಾನ. ಕ್ಯಾಮೆರಾ ಹಿಡಿದರೆ ಗೊತ್ತಾಗುವುದು ಬಹಳ ಸಾದಾ ಸಂಗತಿ. ಕ್ಯಾಮೆರಾದ ಬೆನ್ನು ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ಮೇಲಿನ ಸಮಾನಾಂತರ ಗೆರೆಗಳು ಫೋಟೊದಲ್ಲೂ ಸಮಾನಾಂತರವಾಗೇ ಉಳಿಯುತ್ತವೆ, ಚೌಕ ಚೌಕವಾಗೇ ಬರುತ್ತದೆ. ಸ್ವಲ್ಪ ವಾಲಿಸಿದರೆ ಸಾಕು, ಗೆರೆಗಳು ದೂರದಲ್ಲಿ ಒಂದು ಕಡೆ ಕೂಡಿಕೊಳ್ಳಲು ಹೊರಡುತ್ತವೆ. ಜ್ಯೋತಿ ಭಟ್ ಹೆಚ್ಚಾಗಿ ನೆಟ್ಟಗೆ ನಿಲ್ಲುತ್ತಾರೆ. ಗೋಡೆಯ ಎದುರು, ಮನೆಯವರ ಎದುರು, ಮಾತಾಡಿಸುವಷ್ಟು ದೂರದಲ್ಲಿ. ಚಿತ್ತಾರವನ್ನು ನೋಡಿ ಯಾರಾದರೂ ಮತ್ತೆ ಬರೆಯಬಹುದು, ಅಷ್ಟು ಸ್ಪಷ್ಟ. ನಸ್ರೀನ್ ಬಗ್ಗುತ್ತಾರೆ, ವಾಲುತ್ತಾರೆ, ಕ್ಷಿತಿಜವನ್ನು ಓರೆ ಮಾಡುತ್ತಾರೆ ಅಥವಾ ಚೌಕಟ್ಟಿನಿಂದಲೇ ಹೊರಗೆ ಹಾಕುತ್ತಾರೆ. ಗೆರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಚಿತ್ರದಾಚೆಗೆ ಉಳಿಯುತ್ತದೆ. ಅದನ್ನು ನೋಡಿ ಕಲ್ಲುಹಾಸು ಮತ್ತೆ ಹಾಸಲು ಬರುವುದಿಲ್ಲ.

ಬೆಳಕಿನ ವಿಷಯವೂ ಅಷ್ಟೇ. ಹೊತ್ತು ಏರುವ ಮುಂಚೆ ಅಥವಾ ಇಳಿದ ಮೇಲೆ ಬಿಸಿಲು ಮಗ್ಗುಲಿನಿಂದ ಬೀಳುತ್ತದೆ. ಕಚ್ಛದ ಮನೆಗಳಲ್ಲಿ ಗೋಡೆಗೆ ಮಣ್ಣಿನಲ್ಲೇ ಉಬ್ಬು ಚಿತ್ರ ಮಾಡಿ ನಡುನಡುವೆ ಸಣ್ಣ ಕನ್ನಡಿ ಕೂರಿಸುತ್ತಾರೆ. ಅಂಥ ಗೋಡೆಯ ಮೇಲೆ ಮಗ್ಗುಲ ಬೆಳಕು ಬಿದ್ದರೆ ಮಾತ್ರ ಉಬ್ಬು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲ ಚಪ್ಪಟೆ. ಅಂಥ ಕಡೆ ನೆರಳು ಉಬ್ಬಿನ ಸೇವಕ. ಬೆರಳು ಮಣ್ಣನ್ನು ಎಷ್ಟು ಒತ್ತಿತು ಎಂದು ಹೇಳುವುದಷ್ಟೇ ಅದರ ಕೆಲಸ. ನಸ್ರೀನ್ ಕೈಯಲ್ಲಿ ಅದೇ ನೆರಳಿಗೆ ಬೇರೆ ಅಂತಸ್ತು. ಕಪ್ಪು ಬಿಳುಪಿನ ಮುದ್ರಣದಲ್ಲಿ ಕಪ್ಪು ವಸ್ತುವೂ ನೆರಳೂ ಒಂದೇ ಮಸಿ. ಹೀಗಾಗಿ ನೆರಳು ವಸ್ತುವಿನ ಸಮಕ್ಕೆ ಬಂದು ನಿಲ್ಲುತ್ತದೆ. ನನ್ನ ‘ರೇಖೆ 7’ರಲ್ಲಿ ಚೆನ್ನಾಗಿರುವುದೂ ಅದೊಂದೇ, ಅದನ್ನು ಅವರಿಂದಲೇ ಕದ್ದದ್ದು.

ಜ್ಯೋತಿ ಭಟ್ ಬರೀ ನೆಟ್ಟಗೆ ನಿಂತವರಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಮತ್ತೆ ಎರಡು ಡಬ್ಬ ಮಾಡಿ ಇಬ್ಬರನ್ನು ತುಂಬಿದಂತಾಗುತ್ತದೆ. ಅವರು ಒಂದೇ ಚಿತ್ರದೊಳಗೆ ಎರಡು ಮೂರು ಸಲ ಬೆಳಕು ಬಿಟ್ಟು ಪ್ರಯೋಗ ಮಾಡಿದ್ದಾರೆ, ನೆಗೆಟಿವ್‌ಗಳನ್ನು ಒಂದರ ಮೇಲೊಂದು ಕೂರಿಸಿದ್ದಾರೆ. ಮುದ್ರಣ ಕಲಾವಿದನಿಗೆ ಒಂದೇ ಅಚ್ಚನ್ನು ತಿರುಗಿಸಿ ಒತ್ತುವುದು ಸಹಜ ತಾನೇ. ನಮ್ಮ ಕಡೆ ಸೀರೆಗೆ ಅಚ್ಚು ಹಾಕುವವರೂ ಅದನ್ನೇ ಮಾಡುವುದು.

ಮನುಷ್ಯರು ಚಿತ್ರದಿಂದ ಹೊರಗೆ ಹೋಗುವುದು ಅಮೂರ್ತ ಛಾಯಾಚಿತ್ರಕ್ಕೆ ಹೊಸದೇನಲ್ಲ. ಅಮೆರಿಕದ ಆರನ್ ಸಿಸ್ಕಿಂಡ್ ಮೂವತ್ತರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಜನರ ಬದುಕನ್ನು ದಾಖಲಿಸುತ್ತಿದ್ದವರು. ನಲವತ್ತರ ದಶಕಕ್ಕೆ ಬಂದಾಗ ಅವರ ಚೌಕಟ್ಟಿನಲ್ಲಿ ಉಳಿದದ್ದು ಗೋಡೆಯ ಸಿಪ್ಪೆ ಸುಲಿದ ಬಣ್ಣ, ಕಡಲ ದಂಡೆಯ ಹಗ್ಗ, 1944ರ ಒಂದು ಪ್ರಸಿದ್ಧ ಚಿತ್ರದಲ್ಲಿ ಯಾರೋ ಬಿಟ್ಟುಹೋದ ಕೈಗವಸು. ಕೈಗವಸಿದೆ, ಕೈಯಿಲ್ಲ. ಈ ಚಿತ್ರದ ಮುಂದೆ ನಾನು ಸ್ವಲ್ಪ ಹೊತ್ತು ಕೂತಿದ್ದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮ್ಯಾಪ್‌ನಿಂದ ಬಂದ ಮೇಲೆ ಕೆಲವು ತಿಂಗಳು ನಾನು ಪಕ್ಷಾಂತರ ಮಾಡಿದೆ. ಜ್ಯೋತಿ ಭಟ್ ಸರಿ, ನಸ್ರೀನ್ ತಪ್ಪು. ನಸ್ರೀನ್ ನೇಕಾರನನ್ನು ಬಿಟ್ಟು ನೂಲನ್ನು ಮಾತ್ರ ಒಯ್ದರು, ಜ್ಯೋತಿ ಭಟ್ ಬರೆದವಳನ್ನು ಬರೆದದ್ದರ ಪಕ್ಕದಲ್ಲಿ ನಿಲ್ಲಿಸಿದರು. ಅಧ್ಯಾಯದ ಮೊದಲ ಕರಡು ಪೂರ್ತಿ ಈ ಸಿಟ್ಟಿನಲ್ಲೇ ಇದೆ. ಮಾರ್ಗದರ್ಶಕರು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದಿದ್ದರು: ‘ಇದು ಯಾರ ಮೇಲಿನ ಸಿಟ್ಟು?’

ಒಂದು ವಾರ ಅವರ ಮುಖ ನೋಡಲಿಲ್ಲ. ಆಮೇಲೆ ನಿಧಾನವಾಗಿ ಕೆಲವು ಸಂಗತಿ ಕಂಡವು. ನಸ್ರೀನ್ ತಮ್ಮ ಕೃತಿಗಳಿಗೆ ಹೆಸರಿಡಲಿಲ್ಲ, ತಾರೀಖು ಹಾಕಿದ್ದು ಅಪರೂಪ, ಫೋಟೊಗಳನ್ನಂತೂ ಯಾರಿಗೂ ಬಹುಮಾನಕ್ಕೆ ಕಳಿಸಲಿಲ್ಲ. ನೇಕಾರನನ್ನು ಚೌಕಟ್ಟಿನ ಹೊರಗಿಟ್ಟವರು ತಮ್ಮನ್ನೂ ಹೊರಗಿಟ್ಟುಕೊಂಡರು. ನಾನು ಅಜ್ಜಿಯ ಕೈ ಕತ್ತರಿಸಿ ಕೆಳಗೆ ನನ್ನ ಹೆಸರು ಬರೆದೆ, ಊರಿನ ಹೆಸರೂ ಬರೆಯಲಿಲ್ಲ. ಎರಡೂ ಒಂದೇ ಕೆಲಸವಲ್ಲ. ಅವರ ಮೇಲೆ ಹೊರಿಸಿದ್ದು ನನ್ನದೇ ಹೊರೆ. ಇನ್ನು ಜ್ಯೋತಿ ಭಟ್ ಅವರ ಫೋಟೊಗಳ ಕೆಳಗೆ ನಾನು ನೋಡಿದ ಮಟ್ಟಿಗೆ ಪ್ರಾಂತ್ಯ, ಊರು, ವರ್ಷ ಇರುತ್ತವೆ, ಗೋಡೆ ಬರೆದವಳ ಹೆಸರು ಇರುವುದು ಕಡಿಮೆ. ಅವಳು ಚಿತ್ರದೊಳಗೆ ಇದ್ದಾಳೆ, ಆದರೆ ‘ಒಬ್ಬ ಮಹಿಳೆ’ಯಾಗಿ. ಒಳಗೆ ನಿಲ್ಲಿಸಿಕೊಂಡರೆ ಎಲ್ಲ ಲೆಕ್ಕ ಚುಕ್ತಾ ಆಗುತ್ತದೆಂದು ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಇದು ಅವರ ತಪ್ಪು ಎಂದು ಹೇಳುತ್ತಿಲ್ಲ. ಅವರು ಹೋಗಿರದಿದ್ದರೆ ಆ ಗೋಡೆಗಳಲ್ಲಿ ಎಷ್ಟೋ ಇವತ್ತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಣ್ಣಿನ ಗೋಡೆ ಎಷ್ಟು ಮಳೆಗಾಲ ತಡೆದೀತು?

ಕರಡನ್ನು ಮತ್ತೆ ಬರೆಯುವ ಮುಂಚೆ, ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗುವಾಗ, ‘ರೇಖೆ 7’ನ್ನು ಚಿತ್ರದುರ್ಗದ ಒಂದು ಅಂಗಡಿಯಲ್ಲಿ ಎ3 ಹಾಳೆಗೆ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅಜ್ಜನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದಕ್ಕೆ ಅವನು ಒಪ್ಪುತ್ತಿಲ್ಲ. ಮಗ್ಗದ ಗುಂಡಿ ಈಗಿಲ್ಲ. ಅಜ್ಜಿ ಹೋದ ಮರುವರ್ಷ ಚಿಕ್ಕಪ್ಪ ಅದನ್ನು ಮಣ್ಣು ತುಂಬಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿಸಿದ. ಅವನನ್ನು ಬೈಯುವ ಹಕ್ಕು ನನಗಿಲ್ಲ. ವಾರವೆಲ್ಲ ಕೂತು ನೇಯ್ದ ಕಂಬಳಿಗೆ ಸಂತೆಯಲ್ಲಿ ಸಿಗುತ್ತಿದ್ದ ದುಡ್ಡು ಗಾರೆ ಕೆಲಸದ ಎರಡು ಮೂರು ದಿನದ ಕೂಲಿಗೆ ಸಮವಾಗುತ್ತಿತ್ತು. ಅವನಿಗೆ ಅದೇ ಜಾಗದಲ್ಲಿ ಮಗಳ ಮದುವೆಯ ನೆಂಟರನ್ನು ಕೂರಿಸಬೇಕಿತ್ತು. ಟೈಲ್ಸಿನ ಮೇಲೆ ಬರಿಗಾಲಲ್ಲಿ ನಡೆದರೆ ಗುಂಡಿಯಿದ್ದ ಕಡೆ ಸ್ವಲ್ಪ ತಗ್ಗು ತಗಲುತ್ತದೆ, ಮಣ್ಣು ಇನ್ನೂ ಕೂರುತ್ತಿದೆ.

ಅಜ್ಜ ಜಗಲಿಯ ಮೇಲೆ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡ. ಇದೇನು ಎಂದು ಕೇಳಲಿಲ್ಲ. ಮಳೆ, ವೀಣೆ, ಕರೆಂಟ್ ಲೈನು ಯಾವುದೂ ಅವನ ಬಾಯಿಗೆ ಬರಲಿಲ್ಲ.

‘ಗಂಜಿ ಹಸಿ ಐತೆ’ ಅಂದ. ಆಮೇಲೆ, ‘ಈ ಕಡೇಲಿ ಎಳೆ ಸಡ್ಲ ಬಿದ್ದೈತೆ ನೋಡು. ಗೂಟ ವಾಲಿರಬೇಕು. ಮಣ್ಣು ಮೆತ್ತಗಿತ್ತು ಅವತ್ತು.’

ನಸ್ರೀನ್ ಬಗ್ಗೆ ಇಷ್ಟು ವರ್ಷ ಓದಿದ್ದರಲ್ಲಿ ಎಳೆಯ ಬಿಗಿಯ ಬಗ್ಗೆ ಬೇಕಾದಷ್ಟು ಮಾತಿದೆ. ಆ ಬಿಗಿ ಒಂದು ಭಾವವೆಂದೇ ನಾನೂ ಬರೆದಿದ್ದೆ. ಗೂಟದ ಬಗ್ಗೆ, ಮೆತ್ತಗಿನ ಮಣ್ಣಿನ ಬಗ್ಗೆ ನನಗೆ ಹೊಳೆದೇ ಇರಲಿಲ್ಲ. ನಾನು ಗೆರೆ ಎಂದು ನೋಡಿದ್ದನ್ನು ಅವನು ಓದುತ್ತಿದ್ದ. ಅಜ್ಜ ಬೆರಳನ್ನು ಹಾಳೆಯ ಬಲಗಡೆಗೆ, ನಾನು ಕತ್ತರಿಸಿದ ಅಂಚಿನ ಹತ್ತಿರಕ್ಕೆ ತಂದ. ಅಲ್ಲಿ ಒಂದು ಎಳೆ ಒಂದಿಷ್ಟು ಉದ್ದಕ್ಕೆ ದಪ್ಪಗಾಗಿದೆ. ಪ್ರಿಂಟಿನ ದೋಷವೆಂದು ಸ್ಪರ್ಧೆಗೆ ಕಳಿಸುವ ಮುಂಚೆ ಅಳಿಸಲು ನೋಡಿದ್ದೆ, ಆಗಿರಲಿಲ್ಲ.

‘ಇದು ನಿಮ್ಮಜ್ಜಿದು.’

‘ಏನಜ್ಜ?’

‘ಕಿತ್ತೋಗಿತ್ತು, ಸೇರ್ಸವ್ಳೆ. ನಾನಾದ್ರೆ ಗಂಟು ಹಾಕ್ತಿದ್ದೆ. ಅವ್ಳು ಎಂಜ್ಲು ಹಚ್ಚಿ ಹೊಸೀತಿದ್ಲು. ಗಂಟಾದ್ರೆ ಹಣಿಗೇಲಿ ಸಿಗಾಕ್ಕೊಂತೈತೆ ಅಂತ ನಂಗೇ ಬೈಯೋಳು.’

ಚಿಕ್ಕಮ್ಮ ಒಳಗಿನಿಂದಲೇ, ‘ಅವ್ರ ಮಾತು ನಂಬ್ಬೇಡ ಕಣಪ್ಪಾ. ಮೊನ್ನೆ ಬಾಗ್ಲಲ್ಲಿ ನಿಂತಿದ್ದ ಕರ ನೋಡಿ ನಾಯಿ ಅಂತಿದ್ರು’ ಎಂದಳು. ಅಜ್ಜ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳದವನಂತೆ ಇದ್ದ. ಲ್ಯಾಪ್‌ಟಾಪ್ ತೆಗೆದು ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ಫೋನಿನ ಫೋಟೊ, ಹತ್ತಿರ ಹೋದಷ್ಟೂ ಚೌಕ ಚೌಕ ಚುಕ್ಕಿಗಳೇ. ಹೊಸೆದದ್ದು ಇರಬಹುದು, ಗಂಜಿಯ ಗಟ್ಟಿ ಹನಿಯೂ ಇರಬಹುದು. ನನ್ನ ಪ್ರಬಂಧದಲ್ಲಿ ಇದನ್ನು ಸಾಕ್ಷಿಯೆಂದು ಬರೆಯಲು ಬರುವುದಿಲ್ಲ.

ಸೂಚಿಕೆಯ ವಿಷಯ ಮಾತ್ರ ತೀರ್ಮಾನವಾಗಬೇಕಿತ್ತು. ಅಧ್ಯಾಯದ ಕೊನೆಯಲ್ಲಿ ಈ ಚಿತ್ರವನ್ನು ಸೇರಿಸುವುದೆಂದು ಮಾರ್ಗದರ್ಶಕರೂ ನಾನೂ ಒಪ್ಪಿದ್ದೇವೆ, ಒಂದು ತಪ್ಪಿನ ಉದಾಹರಣೆಯಾಗಿ. ‘ರೇಖೆ 7’ ಎಂಬ ಹೆಸರು ತೆಗೆದಿದ್ದೇನೆ. ತುರುವನೂರು, ಮಾರ್ಚ್ 2019, ಕಂಬಳಿಯ ಹಾಸಿಗೆ ಹುಣಸೆಬೀಜದ ಗಂಜಿ ತೀಡಿದ್ದು, ಬಲಗಡೆಯ ಕಾಲುಭಾಗ ಕತ್ತರಿಸಲಾಗಿದೆ. ಇಷ್ಟು ಬರೆದು, ತೀಡಿದವರ ಹೆಸರು, ನೇಯ್ದವರ ಹೆಸರು ಎಂದು ಎರಡು ಜಾಗ ಬಿಟ್ಟುಕೊಂಡಿದ್ದೆ. ಅಜ್ಜಿಯನ್ನು ಎಲ್ಲರೂ ಕೂಗುತ್ತಿದ್ದ ಹೆಸರು ಒಂದು, ಆಧಾರ್ ಕಾರ್ಡಿನಲ್ಲಿ ಇದ್ದದ್ದು ಇನ್ನೊಂದು.

‘ಅಜ್ಜ, ಅಜ್ಜಿ ಹೆಸ್ರು ಯಾವ್ದು ಬರೀಲಿ?’

ಅಜ್ಜ ಮುಖ ಆಚೆ ತಿರುಗಿಸಿದ. ಹೆಂಡತಿಯ ಹೆಸರನ್ನು ಅವನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ‘ನಿಮ್ಮವ್ವನ್ನ ಕೇಳು’ ಅಂದ. ಆಮೇಲೆ ಮತ್ತೆ ಹಾಳೆಯ ಕಡೆ ಬಗ್ಗಿ, ಕಿರುಬೆರಳಿನ ಉಗುರಿನಿಂದ ಎಡಗಡೆಯ ಎಳೆಗಳನ್ನು ಒಂದೊಂದಾಗಿ ಎಣಿಸತೊಡಗಿದ. ಮೂವತ್ತರ ಆಸುಪಾಸಿನಲ್ಲಿ ಗೆರೆಗೂ ನೆರಳಿಗೂ ಲೆಕ್ಕ ತಪ್ಪಿತು. ‘ಥೂ’ ಅಂದ, ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡ, ಮತ್ತೆ ಒಂದರಿಂದ ಶುರು ಮಾಡಿದ.